ನಡುಗುವ ಕೈಗಳು ನೂತ ಕಂಬಳಿ

ಪಾಲಬಾವಿಯಿಂದ ಬಂದಿರುವ ಮಲಕಾರಿಯ ಮಡದಿ, ತಾಯಿ ಸಾವಕ್ಕ, ಅವರ ಮಕ್ಕಳು, ನಮ್ಮ ಶನಿವಾರದ ಬಳಗದ ಅಣ್ಣತಮ್ಮಂದಿರು, ಅಕ್ಕತಂಗಿಯರು — ಎಲ್ಲರಿಗೂ ಶರಣು. ಹಿಂದೆ ನಿಂತವರು ಮುಂದೆ ಬರ್ರಿ, ಜಮಖಾನೆಯ ಮೇಲೆ ಜಾಗ ಐತಿ.

ಮಲಕಾರಿ ಹೋದ. ಕುರಿ ಕಾಯುತ್ತಿದ್ದವನು. ಕುಡಿತ ಬಿಟ್ಟವನು. ಬಿಟ್ಟ ಮೇಲೆ, ಬಿಡಲು ಒದ್ದಾಡುವವರ ಪಕ್ಕದಲ್ಲಿ ಹೋಗಿ ಕೂತವನು. ನಾನೂ ಬಿಟ್ಟವನೇ. ಎಂಬತ್ತಾರನೇ ಇಸವಿಯಿಂದ ರಾಯಬಾಗದ ಇದೇ ಕೋಣೆಯಲ್ಲಿ ಅವನೊಡನೆ ಆ ಕೆಲಸ ಮಾಡಿದ್ದೇನೆ. ಅವನಿಗೆ ಅದು ಹೇಗೆ ಸಾಧ್ಯವಾಗುತ್ತಿತ್ತು ಎನ್ನುವುದು — ಇಂದಿಗೂ ನನಗೆ ಬೆರಗು.

ತೆಲಸಂಗದ ಸಿದರಾಯ ಇಲ್ಲಿ ಕೂತಿದ್ದಾನೆ. ಅವನನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ. ಕುಡಿತ ಬಿಟ್ಟು ಇನ್ನೂ ವಾರ ತುಂಬಿಲ್ಲ. ಮಲಕಾರಿ ಕೊನೆಯದಾಗಿ ಕೂತದ್ದು ಇವನ ಜೊತೆ. ಸಾವಿನ ಸುದ್ದಿ ಕೇಳಿ ಕಾಲು ತಾವೇ ಸಾರಾಯಿ ಅಂಗಡಿಯ ದಾರಿ ಹಿಡಿದವಂತೆ. ಬಾಗಿಲ ತನಕ ಹೋಗಿ, ತಿರುಗಿ ಇಲ್ಲಿಗೆ ಬಂದಿದ್ದಾನೆ. ಬಂದವನೇ ಕೇಳಿದ, “ಕಾಕಾ, ಇನ್ನ ನನ್ನ ಕೂಡ ಯಾರ ಕುಂಡ್ರಾವ್ರು?” ಅದರ ಉತ್ತರವನ್ನೇ ಹುಡುಕುತ್ತ ಮಾತಾಡುತ್ತಿದ್ದೇನೆ.

ಜುಗೂಳದ ಭೀಮಗೊಂಡರು ಮುಂದೆಯೇ ಇದ್ದಾರೆ. ಜೈನರ ದೊಡ್ಡ ಮನೆತನ. ಕುಡಿತ ಹೊರಗೆ ತಿಳಿಯಬಾರದೆಂದು ಮನೆಯವರು ಹಿತ್ತಲ ಕೋಣೆಯಲ್ಲಿ ಇಟ್ಟಿದ್ದರು. ಡಾಕ್ಟರರ ಔಷಧ ನಡೆದಿತ್ತು, ಕೈ ಮಾತ್ರ ನಡುಗುತ್ತಿತ್ತು. ಮಲಕಾರಿ ಹೋದ. ಸಾರಾಯಿಯ ಹೆಸರೇ ಎತ್ತಲಿಲ್ಲ. ಕಂಬಳಿಯ ಗಂಟಿನಿಂದ ಉಣ್ಣೆ ತೆಗೆದ, ನೂಲುವ ತಕಲಿಯನ್ನು ಹೀಗೆ — ಅವರ ಮುಂದೆ ಹಿಡಿದ.

“ಗೌಡ್ರ, ಒಂದೀಟ ನೂತ ಕೊಡ್ರಿ. ನನ್ನ ಕೈ ನೋಯಾಕತ್ತಾವ.”

“ನಾ ಏನ ನಿಮ್ಮ ಮನಿ ಮುದುಕಿ ಏನಲೇ?”

“ನಮ್ಮ ಮುದುಕಿ ನಿಮ್ಮಂಗ ನೂಲ ಕೆಡಸೂದಿಲ್ರಿ.”

ಬೈಯುತ್ತ ಬೈಯುತ್ತ ಗೌಡರು ನೂತರು. ಎಳೆ ಹರಿಯಿತು. ಗಂಟು ಹಾಕಹೋದರೆ ಮಲಕಾರಿ ತಡೆದ. ಉಣ್ಣೆಯ ಎಳೆಗೆ ಗಂಟು ಹಾಕುವುದಿಲ್ಲ. ಹರಿದ ತುದಿಯನ್ನು ಬಿಡಿಸಿ, ಅದರ ಮೇಲೆ ಹೊಸ ಉಣ್ಣೆ ಇಟ್ಟು, ಮತ್ತೆ ತಕಲಿ ತಿರುವಬೇಕು. ಕುರುಬರ ಮನೆಯ ಕೂಸಿಗೂ ಗೊತ್ತಿರುವ ಕೆಲಸ. ಗೌಡರಿಗೆ ಅದು ಕೈಗೆ ಹತ್ತುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅವತ್ತು ಅವರು ಕುಡಿದಿರಲಿಲ್ಲ.

ಹೀಗೆ ಎಷ್ಟೋ ಮನೆ. ಎಲ್ಲೆಲ್ಲಿಯ ನೂಲನ್ನೂ ಅವನು ಕೂಡಿಟ್ಟ. ಒಂದು ಕಡೆ ದಾರದಷ್ಟು ಸಣ್ಣ, ಒಂದು ಕಡೆ ಬೆರಳಿನಷ್ಟು ದಪ್ಪ. ನೇಯುವ ಮುರಗೆಪ್ಪ ಕೇಳಿದನಂತೆ, “ಇದನ್ನ ಯಾರ ನೂತಾರೋ ಮಾರಾಯಾ, ಕುರಿನ ನೂತಾವೇನ?”

“ನೂತವ್ರು ಬದುಕ್ಯಾರ. ನೀ ನೇಯಿ.”

ಇನ್ನೊಂದು ಮಾತು. ಸಾವಕ್ಕ, ಹೇಳಲೆ? — ಆಗಲಿ ಎಂದು ತಲೆ ಆಡಿಸಿದರು. ತೊಂಬತ್ತೊಂದರಲ್ಲಿ ತಮ್ಮನ ಮಣ್ಣಿಗೆ ಹೋದ ಮಲಕಾರಿ ಮತ್ತೆ ಕುಡಿದ. ಮರುದಿನ ಶನಿವಾರ. ನಾವೆಲ್ಲ ಅವನಿಗಾಗಿ ಕಾದಿದ್ದೆವು. ಬಂದ. ಮುಂದೆ ಬರಲಿಲ್ಲ, ಹೊಸಬರು ಕೂಡುವ ಆ ಬಾಗಿಲ ಬದಿಯಲ್ಲಿ ಕೂತ.

“ನಾ ನಿನ್ನಿ ಕುಡದೇನ್ರಿ, ಗೌಡ್ರ. ತಕಲಿ ಇತ್ತ ಕೊಡ್ರಿ.”

ಭೀಮಗೊಂಡರ ಕಣ್ಣು ತುಂಬಿತು. “ನಿನಗ ನಾ ಏನ ಹೇಳ್ಲೋ, ಮಲಕಾರಿ?”

“ಹೇಳೂದೇನ ಬ್ಯಾಡ್ರಿ. ಬಾಜೂಕ ಕುಂಡ್ರ್ರಿ.”

ನೂರು ಜನರನ್ನು ಎತ್ತಿದವನು ತನ್ನನ್ನು ಎತ್ತಿರೆಂದು ಕೈ ಚಾಚುವುದಿದೆಯಲ್ಲ — ಅದರ ಮುಂದೆ ನಾನು ಬಹಳ ಸಣ್ಣವನಾದೆ. ಅವತ್ತು ಅವನ ಕೈಯೂ ನಡುಗುತ್ತಿತ್ತು. ಎಳೆ ಹರಿದಾಗಲೆಲ್ಲ ಗೌಡರು ಉಣ್ಣೆ ಇಟ್ಟು ಕೊಟ್ಟರು.

ಆ ನೂಲೆಲ್ಲ ಸೇರಿ ಆದ ಕಂಬಳಿ ಇದೇ, ಅವನ ಫೋಟೋದ ಕೆಳಗೆ ಹಾಸಿರುವುದು. ಅಂಚಿನ ಹತ್ತಿರ ಆ ದಪ್ಪ ಕರಿ ಎಳೆ ಕಾಣುತ್ತದಲ್ಲ, ಅದು ಮಲಕಾರಿಯದು. ಮಣ್ಣು ಮಾಡುವಾಗ ಹಿರಿಯರು ಇದನ್ನೇ ಅವನಿಗೆ ಹೊದಿಸಬೇಕೆಂದರು. ಸಾವಕ್ಕ ಬಿಡಲಿಲ್ಲ. “ಅದು ಅವಂದಲ್ರಿ, ನೂತವ್ರದು. ರಾಯಬಾಗಕ್ಕ ಕಳಸ್ರಿ” ಎಂದರು.

ಈಗ ಎಲ್ಲರೂ ಎದ್ದು ನಿಲ್ಲಬೇಕು. ಸಿದರಾಯ, ನೀನೂ. ಮಲಕಾರಿ ನಿನಗೆ ಕೊಟ್ಟ ತಕಲಿ ಕೈಯಲ್ಲೇ ಇರಲಿ, ಎಳೆ ಹರಿದಿದ್ದರೂ ಇರಲಿ. ಭೀಮಗೊಂಡರೇ, ನೀವು ಸಿದರಾಯನ ಬಾಜೂಕ ನಿಂದರ್ರಿ. — ಹಾಂ, ಹಾಗೆ.

ಇನ್ನು ಸ್ವಲ್ಪ ಹೊತ್ತು ಯಾರೂ ಏನೂ ಹೇಳುವುದು ಬೇಡ.