ನಮ್ಮೂರ ತೋಡು, ಹಾಲಕ್ಕನ ಹಳ್ಳ

...ಅದೇ ನೋಡ್ರಿ, ಹರಿಹರದ ದೊಡ್ಡಜ್ಜಿ ಹೇಳಿದ್ರೆ ಅದು ಖರೆ, ನಾನು ಹೇಳಿದ್ರೆ ಕಥೆ. ಭಾನುವಾರ ಬಂದ್ರೆ ಸಾಕು, ಬಸ್ ಹತ್ತಿ ಹರಿಹರಕ್ಕೆ ಓಡ್ತೀರಿ, ಆಕಿ ಮಾಡಿದ ಮಂಡಕ್ಕಿ ಒಗ್ಗರಣೆ ತಿಂತೀರಿ, ಬಂದ್ಮೇಲೆ ವಾರಪೂರ್ತಿ ಆಕಿ ಮಾತೇ. ನಾನೇನು ಒಗ್ಗರಣೆ ಮಾಡಲ್ವಾ? ಇರ್ಲಿ ಬಿಡು. ನಿನ್ನೆ ಈ ಸಂಜು ನನಗೇ ಪಾಠ ಹೇಳ್ತಾನೆ, "ಅಜ್ಜಿ, ತೋಡು ಅಂತ ಇರಲ್ಲ, ಅದು ಹಳ್ಳ" ಅಂತ. ಇರಲ್ವೇನೋ? ನಾನು ಹುಟ್ಟಿದ ಮನೆ ಹಿತ್ತಲಲ್ಲೇ ಇತ್ತು. ಕುಂದಾಪುರದ ಕಡೆ. ಎರಡು ಹೆಜ್ಜೆಗೆ ದಾಟಬಹುದು, ಅಷ್ಟೇ ಅಗಲ, ಆದ್ರೆ ಯುಗಾದಿ ದಾಟಿದ್ರೂ ನೀರು ನಿಲ್ತಿರಲಿಲ್ಲ. ಪಾತ್ರೆ ತೊಳೆಯೋದು ಅಲ್ಲೇ, ಬಟ್ಟೆ ಒಗೆಯೋದು ಅಲ್ಲೇ, ಕಾಲಿಗೆ ಸಣ್ಣ ಮೀನು ಬಂದು ಕಚಗುಳಿ ಇಡ್ತಿದ್ವು. ಅದಕ್ಕೆ ನಾವು ತೋಡು ಅಂತೀವಿ.

ನಿಮ್ಮಜ್ಜ ಲಾರಿ ಓಡಿಸ್ತಿದ್ರು, ಗೊತ್ತಲ್ಲ. ಹೋಗೋವಾಗ ಹತ್ತಿಕಾಳು ಹಿಂಡಿ, ಬರೋವಾಗ ಹಂಚು. ಒಂದ್ಸಲ ಹಂಚಿನ ಜೊತೆಗೆ ನನ್ನೂ ಕಟ್ಕೊಂಡು ಬಂದ್ರು. ಘಟ್ಟ ಹತ್ತೋವಾಗ ದಾರಿಯುದ್ದಕ್ಕೂ ನೀರು ಸುರೀತಿತ್ತು. "ಇದಕ್ಕೆ ಏನಂತಾರೆ?" ಅಂದೆ. "ಹಳ್ಳ" ಅಂದ್ರು. ಓ, ತೋಡಿಗೆ ಘಟ್ಟದ ಮೇಲೆ ಹಳ್ಳ ಅಂತಾರೆ ಅಂತ ತಲೇಲಿ ಇಟ್ಕೊಂಡೆ. ಇನ್ನೊಂದು ಮಜಾ ಕೇಳ್ರಿ. ದೊಡ್ಡ ನೀರಿಗೆ ನಮ್ಮೂರಲ್ಲಿ ಹೊಳಿ ಅಂತಿದ್ವಿ. ಈ ಕಡೆ ಹರಿಹರದಾಗೆ ಹೊಳೆ. ಆ ಹೊಳೆ ದಾಟಿ ರಾಣೆಬೆನ್ನೂರಿಗೆ ಹೋದ್ರೆ ತಿರುಗಾ ಹೊಳಿ. ಮಧ್ಯದಲ್ಲಿ ಇವರದ್ದೊಂದೇ ಬೇರೆ. ಅವತ್ತೇ ನನಗೆ ತಿಳೀಬೇಕಿತ್ತು, ಇವರದ್ದೆಲ್ಲಾ ಬೇರೆ ಅಂತ.

ಆಗ ನಾವು ನಿಮ್ಮಜ್ಜನ ಊರು ಆವರಗೆರೆಯಾಗೆ ಇದ್ವಿ. ನಮ್ಮತ್ತೆ, ನಿಮ್ಮಜ್ಜನ ಅಣ್ಣ, ಅಣ್ಣನ ಹೆಂಡ್ತಿ ಹಾಲಮ್ಮ. ಅದೇ ನಿಮ್ಮ ಹರಿಹರದ ದೊಡ್ಡಜ್ಜಿ, ನನ್ನ ವಾರಗಿತ್ತಿ. ನಾನು ಹಾಲಕ್ಕ ಅಂತಿದ್ದೆ, ಅತ್ತೆ ಹಾಲವ್ವ ಅಂತಿದ್ರು. ಮೊದಲನೇ ಬೇಸಿಗೆ, ಊರ ಬಾವಿ ತಳ ಕಂಡಿತ್ತು. ಅತ್ತೆ "ಗುಲಾಬಿ, ಹಾಲವ್ವನ ಜೊತೆ ಹಳ್ಳಕ್ಕೆ ಹೋಗಿ ನೀರು ತಗೊಂಡು ಬಾ" ಅಂದ್ರು. ನಾನು ಹಿಗ್ಗಿ ಎರಡು ಕೊಡ ತಗೊಂಡೆ, ಒಗೆಯೋ ಬಟ್ಟೆ ಗಂಟೂ ಕಟ್ಕೊಂಡೆ. ಹೋಗಿ ನೋಡಿದ್ರೆ ಬರೀ ಮರಳು! ದನ ಮಲಗಿದ್ವು ಅದರ ಮೇಲೆ. "ಹಳ್ಳ ಎಲ್ಲಿ ಅಕ್ಕ?" ಅಂದೆ. "ನಿಂತೀಯಲ್ಲೇ, ಅದೇ" ಅಂದ್ಲು. ಬಟ್ಟೆ ಗಂಟು ನೋಡಿ ಅಲ್ಲಿದ್ದ ಹೆಂಗಸರೆಲ್ಲಾ ನಕ್ಕಿದ್ದೇ ನಕ್ಕಿದ್ದು. "ಸಮುದ್ರದ ಸೊಸೆ ಬಂದಾಳ್ರೀ, ಅಲೆ ಬರೋ ತನಕ ಕೂಡ್ರಿ" ಅಂದ್ಲು ಒಬ್ಬಾಕಿ. ಇವತ್ತಿಗೂ ಆ ನಗು ಕಿವಿಯಾಗೈತೆ.

ಹಾಲಕ್ಕ ನಗಲಿಲ್ಲ. ಅದೇ ನನಗೆ ಇನ್ನೂ ಉರಿ. ಲಕ್ಕಿ ಗಿಡದ ಬುಡಕ್ಕೆ ಹೋಗಿ ಮರಳಿನ ಮೇಲೆ ಅಂಗೈ ಇಟ್ಲು, ವೈದ್ಯರು ನಾಡಿ ನೋಡಿದಂಗೆ. ಅಲ್ಲೇ ಮೊಣಕೈ ಆಳ ತೋಡಿದ್ಲು, ಮರಳು ಕುಸೀಬಾರದು ಅಂತ ತಳ ಇಲ್ಲದ ಬುಟ್ಟಿ ಇಳಿಸಿದ್ಲು. ನೋಡ್ತಾ ನೋಡ್ತಾ ನೀರು ಒಸರಿತು. ಅದಕ್ಕೆ ವರತೆ ಅಂತಾರೆ. ತೆಂಗಿನ ಚಿಪ್ಪಿನಾಗೆ ಮೊಗೆದು ಮೊಗೆದು ಬಟ್ಟೆ ಮೇಲೆ ಸೋಸಿ ಕೊಡ ತುಂಬಬೇಕು. ಅಲ್ಲಿ ಒಂದು ಕಟ್ಟಳೆ ಇತ್ತು: ಒಬ್ರು ವರತೆ ತೋಡಿದ್ರೆ ಅದಕ್ಕಿಂತ ಮೇಲ್ಗಡೆ ಇನ್ನೊಬ್ರು ತೋಡಂಗಿಲ್ಲ. ಬಂದವರು ಬಂದಂಗೆ ಕೆಳಗೆ, ಕೆಳಗೆ. ಯಾಕಂದ್ರೆ ಮರಳಿನೊಳಗೆ ನೀರು ಮೇಲಿಂದಲೇ ಇಳೀತೈತಲ್ಲ, ಮೇಲಿನವರು ಹಿಡಿದ್ರೆ ಕೆಳಗಿನವರಿಗಿಲ್ಲ. ಹಾಲಕ್ಕಂದು ಎಲ್ಲಕ್ಕಿಂತ ಮೇಲೆ. ನಾನು ಹೊಸಬಳು, ನಂದು ಎಲ್ಲಕ್ಕಿಂತ ಕೆಳಗೆ. ಆಕಿ ಎರಡು ಕೊಡ ತುಂಬಿಸ್ಕೊಂಡು ಮನೆ ಸೇರಿದ್ರೆ ನಂದು ಅರ್ಧ ಕೊಡ, ಅದೂ ಬಗ್ಗಡ. ಅತ್ತೆ ದಿನಾ ಅದೇ ಹಾಡು: "ನಮ್ಮ ಹಾಲವ್ವನ ಕೈಗೆ ನೀರು ತಾನಾಗೇ ಬರ್ತೈತೆ ಬಿಡವ್ವ." ನನ್ನ ಕೊಡ ನೋಡಿ, "ಇದನ್ನ ದನಕ್ಕೆ ಇಡು." ನೀರಿನ ಮಧ್ಯೆ ಹುಟ್ಟಿದವಳು ನಾನು, ಗೊತ್ತಾ? ನಾನು ತಂದ ನೀರು ದನಕ್ಕೆ.

ಒಂದಿನ ಬೆಳಕು ಹರಿಯೋದ್ರೊಳಗೆ ಎದ್ದು ಹೋದೆ. ಹಾಲಕ್ಕನ ವರತೆ ದಾಟಿ ಹತ್ತು ಮಾರು ಮೇಲೆ ಹೋಗಿ ತೋಡಿದೆ. ಆಮೇಲೆ ಯಾರಾದ್ರೂ ಕೇಳಿದ್ರೆ, ನಮ್ಮ ತೋಡಿನಾಗೆ ಮೇಲೆ ಕೆಳಗೆ ಅಂತ ಇರಲಿಲ್ಲ, ಹರಿಯೋ ನೀರು, ಯಾರು ಎಲ್ಲಿ ಮೊಗೆದ್ರೂ ನಡೀತಿತ್ತು, ನನಗೆ ತಿಳೀಲಿಲ್ಲ ಅಂತಿದ್ದೆ. ಸುಳ್ಳು. ನಿಮ್ಮ ಮುಂದೆ ಯಾಕ ಸುಳ್ಳು ಹೇಳ್ಲಿ, ತಿಳಿದೇ ತೋಡಿದ್ದು. ಹೊಟ್ಟೆಕಿಚ್ಚಿಗೆ. ಎರಡು ಕೊಡ, ಕನ್ನಡಿಯಂಥ ನೀರು. ಅತ್ತೆ ಕುಡಿದು, "ಆಹಾ, ಎಳನೀರಿದ್ದಂಗೆ ಐತಲ್ಲೇ ಗುಲಾಬಿ" ಅಂದ್ರು. ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ. ತೋಡೋದು, ತುಂಬೋದು, ಮೇಲೆ ಮರಳು ಮುಚ್ಚಿ ಬರೋದು. ನಾಲ್ಕನೇ ದಿನಕ್ಕೆ ಹಾಲಕ್ಕನ ವರತೆ ಬತ್ತಿತು. ಆಕಿ ಆಗ ಆರು ತಿಂಗಳ ಬಸುರಿ. ಕೊಡ ಎತ್ಕೊಂಡು ಎರಡು ಮೈಲಿ ನಡೆದು ಗದ್ದೆಗೆ ನೀರು ಬಿಡೋ ಚಾನಲ್ಲಿಗೆ ಹೋಗೋಕೆ ಶುರು ಮಾಡಿದ್ಲು. ಆಗಲಾದ್ರೂ ನಿಜ ಹೇಳಬೇಕಿತ್ತು ನಾನು. ಹೇಳಲಿಲ್ಲ. ಅತ್ತೆ ಹೊಗಳೋದು ನಿಂತು ಹೋಗ್ತಿತ್ತಲ್ಲ.

ಆಮೇಲೆ ಒಂದು ಮುಂಜಾನೆ ನಾನು ಬಗ್ಗಿ ಮೊಗೀತಾ ಇದ್ದೀನಿ, ನೆರಳು ಬಿತ್ತು. ತಲೆ ಎತ್ತಿದ್ರೆ ಹಾಲಕ್ಕ. ಸೊಂಟಕ್ಕೆ ಕೈ ಕೊಟ್ಟು ನಿಂತಾಳೆ, ಚಾನಲ್ ನೀರಿನ ಕೆಸರು ಸೀರೆ ಅಂಚಿಗೆ. ಬೈತಾಳೆ ಅಂದ್ಕೊಂಡೆ. ಆಕಿ ನಿಧಾನಕ್ಕೆ ಕೂತು, "ಚಿಪ್ಪು ಕೊಡು, ಬಾಯಿ ಒಣಗೈತೆ" ಅಂದ್ಲು. ಕುಡಿದ್ಲು. "ಒಳ್ಳೆ ನೀರು" ಅಂದ್ಲು. ಎದ್ದು ಹೋಗೋವಾಗ ಅಷ್ಟೇ: "ಗುಲಾಬಿ, ನೀ ತೋಡಿದ್ದನ್ನ ಬ್ಯಾರೇದವರೂ ನೋಡಿರ್ತಾರೆ ಕಣೇ."

ನೋಡಿದ್ರು. ಮಾರನೇ ದಿನ ನನ್ನದಕ್ಕಿಂತ ಮೇಲೆ ಒಬ್ಬಾಕಿ ತೋಡಿದ್ಲು, ಅವಳಿಗಿಂತ ಮೇಲೆ ಇನ್ನೊಬ್ಬಾಕಿ. ವಾರದೊಳಗೆ ಬಂಡೆ ಸಿಗೋ ತನಕ ಹೋಗಿ ಮುಟ್ಟಿದ್ರು. ಆಮೇಲೆ ಮೇಲೂ ಇಲ್ಲ, ಕೆಳಗೂ ಇಲ್ಲ, ಹಳ್ಳದ ತುಂಬಾ ಇಲಿ ಬಿಲದಂಗೆ ಒಣ ಗುಂಡಿ. ಇಡೀ ಕೇರಿ ಹೆಂಗಸರು ಕೊಡ ಹೊತ್ಕೊಂಡು ಚಾನಲ್ಲಿಗೆ. ನನ್ನ ಹಿಂದೆ ಹಾಲಕ್ಕ ಏದುಸಿರು ಬಿಡ್ತಾ ಬರ್ತಿದ್ಲು, ನನಗೆ ತಿರುಗಿ ನೋಡೋಕಾಗ್ತಿರಲಿಲ್ಲ. ಆ ಹೊಟ್ಟೆಯಾಗಿದ್ದವನೇ ನಿಮ್ಮ ಹರಿಹರದ ದೊಡ್ಡಪ್ಪ. ದೇವರು ದೊಡ್ಡವನು, ಏನೂ ಆಗಲಿಲ್ಲ. "ಯಾವ ಮುಂಡೇದು ಮೊದಲು ಮೇಲೆ ತೋಡಿದ್ದು?" ಅಂತ ಅತ್ತೆ ಕೇರಿಗೆಲ್ಲಾ ಕೇಳಂಗೆ ಬೈದ್ರು. ಹಾಲಕ್ಕ ರೊಟ್ಟಿ ಬಡೀತಾ ಕೂತಿದ್ಲು. "ಯಾರೋ ಏನೋ ಅತ್ತೆ, ಬಿಡ್ರಿ" ಅಂದ್ಲು. ಅಷ್ಟೇ. ಅವತ್ತಿಂದ ಇವತ್ತಿನವರೆಗೂ ಆಕಿ ಯಾರಿಗೂ ಹೇಳಿಲ್ಲ. ಬೈದಿದ್ರೆ ನನ್ನ ಹೊಟ್ಟೆಕಿಚ್ಚು ಅವತ್ತೇ ಆರ್ತಿತ್ತು. ಆಕಿಗೆ ನೀರೂ ಸಿಗ್ತಿತ್ತು, ಸುಮ್ಮನಿರೋದೂ ಗೊತ್ತಿತ್ತು. ದೇವರು ಎರಡೂ ಒಬ್ಬಳಿಗೇ ಯಾಕ ಕೊಟ್ಟ ಅಂತ ಈಗಲೂ ಅನಿಸ್ತೈತೆ.

ಏನಂದೆ ಸಂಜು? ದೊಡ್ಡಜ್ಜಿ ಇನ್ನೊಂದು ಮಾತೂ ಹೇಳಿದ್ಲಾ? "ನಿಮ್ಮಜ್ಜಿ ಊರಾಗೆ ನೀರು ಹರಿಯೋದು ನಿಲ್ಲೋದೇ ಇಲ್ಲಂತೆ, ಸಾಯೋದ್ರೊಳಗೆ ಒಂದ್ಸಲ ಗುಲಾಬಿ ಜೊತೆ ಹೋಗಿ ಆ ನೀರಾಗೆ ಕಾಲಿಟ್ಟು ಬರಬೇಕು" ಅಂದ್ಲಾ?

...ಹೂಂ. ಇದನ್ನ ಮೊದಲೇ ಹೇಳಬಾರದೇನೋ? ಭಾನುವಾರ ನಾನೂ ಬರ್ತೀನಿ ಹರಿಹರಕ್ಕೆ. ಆಕಿಗೆ ಒಂದು ಮಾತು ಹೇಳೋದು ಬಾಕಿ ಐತೆ, ಆಮೇಲೆ ಊರಿಗೆ ಹೋಗೋ ಮಾತು. ನೀವು ಏನಾದ್ರೂ ಅನ್ಕೊಳ್ರಿ, ಹಳ್ಳ ಅನ್ರಿ, ತೋಡು ಅನ್ರಿ, ಇನ್ನೊಬ್ಬರ ವರತೆ ಮೇಲೆ ವರತೆ ಮಾತ್ರ ತೋಡಬ್ಯಾಡ್ರಿ. ಏಳು, ಮೋಟ್ರು ಆಫ್ ಮಾಡು ಹೋಗು, ಟ್ಯಾಂಕ್ ತುಂಬಿ ಸುರೀತೈತೆ.