ಗಾಜಿನ ಬಾಗಿಲಿನ ಕಂಪ್ಯೂಟರು

ರಾತ್ರಿ ಓಣಿಯೆಲ್ಲ ಮಲಗಿದ ಮೇಲೆ ಒಂದು ಮನೆಯಲ್ಲಿ ‘ಟಿಕ್’ ಎಂದು ಸದ್ದಾಯಿತು. ಹಲ್ಲಿ ಲೊಚಗುಟ್ಟಿತು ಅಂದುಕೊಂಡಿರಾ? ಹಳೆಯ ಕಂಪ್ಯೂಟರೊಂದು ಕಡೆಯ ಉಸಿರು ಬಿಟ್ಟ ಸದ್ದು ಅದು. ಪರದೆ ಕಪ್ಪಾಯಿತು. ಅದರ ಮುಂದೆ ಕುಳಿತಿದ್ದ ಹೆಂಗಸು ಗುಂಡಿ ಒತ್ತಿದಳು, ವಾಯರು ಅಲುಗಾಡಿಸಿದಳು, ಡಬ್ಬಿಗೆ ಒಂದು ಪೆಟ್ಟು ಕೊಟ್ಟಳು, ಕೊನೆಗೆ ಕೈಮುಗಿದಳು. ನೋಡಿ, ನಮ್ಮ ಭಕ್ತಿ ಬರುವ ಕ್ರಮವೇ ಇದು. ಪೆಟ್ಟು ಮೊದಲು, ಕೈಮುಗಿಯುವುದು ಆಮೇಲೆ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಕಥೆ ಶುರುವಾಗಬೇಕು, ಅಲ್ಲವೇ? ಶ್ರೀಮಂತ ಇದ್ದ. ಓಣಿಯವರು ಅವನನ್ನು ಸಾವಕಾರ ಎನ್ನುತ್ತಿದ್ದರು. ಆದರೆ ಈ ಕಥೆ ಅವನದಲ್ಲ, ಅವನ ಪಕ್ಕದ ಮನೆಯದು. ಶ್ರೀಮಂತನ ಕಷ್ಟ ಬೇರೆ, ಶ್ರೀಮಂತನ ಪಕ್ಕದ ಮನೆಯವನ ಕಷ್ಟವೇ ಬೇರೆ. ಅವರ ಮನೆಗೆ ಬಣ್ಣ ಹೊಡೆದರೆ ಇವನ ಗೋಡೆ ಕೊಳೆಯಾಗುತ್ತದೆ. ಅವರು ಹೊಸ ಕಾರು ತಂದರೆ ಇವನ ಸ್ಕೂಟರು ಒಂದೇ ದಿನದಲ್ಲಿ ಮುದಿಯಾಗುತ್ತದೆ.

ಆ ಪಕ್ಕದ ಮನೆಯವನ ಹೆಂಡತಿಯೇ ನಮ್ಮ ಹೆಂಗಸು. ಮನೆಯಲ್ಲೇ ಕುಳಿತು ಮುದ್ರಣಾಲಯಕ್ಕಾಗಿ ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಜೋಡಿಸುವುದು ಅವಳ ಕೆಲಸ. ಆಗ ಅವಳ ಕೈಗೆ ಬಂದದ್ದು ಒಂದು ಮಠದ ಸ್ಮರಣ ಸಂಚಿಕೆ, ಪುಟಪುಟಕ್ಕೂ ಫೋಟೋ. ಮುದ್ರಣಾಲಯದವನು ಮೊದಲೇ ಹೇಳಿದ್ದ: “ದಸರಾದೊಳಗ ಆಗಲಿಲ್ಲಂದ್ರ ಬ್ಯಾರೆಯವರಿಗೆ ಕೊಡ್ತೀನ್ರೀ ಅಕ್ಕಾರ. ಆಮ್ಯಾಲ ಬ್ಯಾಸರ ಮಾಡ್ಕೋಬ್ಯಾಡ್ರಿ.” ಬೇರೆಯವರ ಮನೆಗೆ ಒಮ್ಮೆ ಹೋದ ಕೆಲಸ ಮತ್ತೆ ತನ್ನ ಹೊಸ್ತಿಲು ತುಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಹೀಗಾಗಿ ಗಂಡಹೆಂಡತಿ ಅಂಗಡಿಗೆ ಹೋದರು. ಅಲ್ಲಿ ಜೋಡಿಸಿಟ್ಟ ಕಂಪ್ಯೂಟರು ಸಿಗುತ್ತದೆ. ಮೇಲೆ ಒಂದಿಷ್ಟು ಹಣ ಕೊಟ್ಟರೆ ಬೇಕಾದ ಭಾಗಗಳ ಬದಲು ಇನ್ನೂ ಉತ್ತಮವಾದವನ್ನು ಹಾಕಿ ಕೊಡುತ್ತಾರೆ. ಇವರ ಬಳಿ ಇದ್ದ ಹಣಕ್ಕೆ ಎಲ್ಲವೂ ಬರುವುದಿಲ್ಲ. ಇದು ಬೇಕೆಂದರೆ ಅದು ಬಿಡಬೇಕು.

“ಮೆಮರಿ ಎರಡರಷ್ಟು ಮಾಡ್ಸೂಣ್ರೀ,” ಎಂದಳು ಹೆಂಡತಿ. “ಎಸ್‌ಎಸ್‌ಡಿ ಒಂದು ದೊಡ್ಡದು ಹಾಕ್ಸೂಣ. ಅಷ್ಟ್ ಫೋಟೋ ತೆರೀಬೇಕಂದ್ರ ಅವೆರಡೂ ಬೇಕು.”

ಸರಿಯಾಗಿಯೇ ಹೇಳಿದಳು. ಚಿಕ್ಕ ಮಣೆಯ ಮೇಲೆ ದೊಡ್ಡ ಹೋಳಿಗೆ ಲಟ್ಟಿಸಲಾಗುತ್ತದೆಯೇ? ಮೆಮರಿ ಎಂದರೆ ಆ ಮಣೆ. ಎಸ್‌ಎಸ್‌ಡಿ ಎಂದರೆ ಕೈಚಾಚಿದ ಕೂಡಲೇ ಡಬ್ಬಿ ಸಿಗುವ ಕಪಾಟು.

ಗಂಡ ಕೇಳಿದ, “ಮೆಮರಿ ಎಲ್ಲಿರ್ತೈತಿ?”

“ಒಳಗಿರ್ತೈತ್ರಿ.”

“ಒಳಗಿದ್ದದ್ದು ಯಾರಿಗೆ ಕಾಣಸ್ತೈತಿ? ನಾಳೆ ಸಾವಕಾರ್ರು ಬಂದ್ರ ಏನ್ ತೋರಸ್ಲಿ? ನಿನ್ನ ಮೆಮರಿ ತೋರಸ್ಲೇನು?”

ಅವನ ಕಣ್ಣು ಗಾಜಿನ ಬಾಗಿಲಿನ ಡಬ್ಬಿಯ ಮೇಲೆ ನೆಟ್ಟಿತ್ತು. ಒಳಗೆ ಕೆಂಪು, ನೀಲಿ, ಹಸಿರು ದೀಪ. ಜೊತೆಗೆ ದೊಡ್ಡ ದೊಡ್ಡ ಆಟಗಳಿಗೆ ಬೇಕಾಗುವ ಗ್ರಾಫಿಕ್ಸ್ ಕಾರ್ಡು. ಸಾವಕಾರನ ಮನೆಯ ಕಿಟಕಿಯಲ್ಲಿ ದಿನಾ ಸಂಜೆ ಬೆಳಗುತ್ತಿದ್ದದ್ದು ಅಂಥದ್ದೇ.

“ಆಟದ ಕಾರ್ಡ್ ತಗೊಂಡು ನೀವೇನ್ ಆಡ್ತೀರಿ?”

“ಯಾಕ? ಇಸ್ಪೀಟ್ ಆಡ್ತೀನಿ.”

ಇಸ್ಪೀಟಿಗೆ ಆ ಕಾರ್ಡು! ಕಡಲೆ ಹುರಿಯಲು ಮದುವೆಮನೆಯ ಕಡಾಯಿ! ಆದರೂ ಹೆಂಡತಿ ಸುಮ್ಮನಾದಳು. ಹೆಂಡತಿ ಸುಮ್ಮನಾದಳೆಂದರೆ ಒಪ್ಪಿದಳು ಎಂದು ತಿಳಿಯುವ ಗಂಡಸರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತಬೇಡಿ, ಪಕ್ಕದಲ್ಲಿ ಕುಳಿತವರು ನೋಡುತ್ತಾರೆ.

ಗಂಡ ದೀಪ, ಕಾರ್ಡು ಎರಡನ್ನೂ ಹೇಳಿ ಮುಂಗಡ ಕೊಟ್ಟು ಬಂದ. ಮರುದಿನ ಅವನು ಕಚೇರಿಗೆ ಹೋದ ಕೂಡಲೇ ಅವಳು ಅಂಗಡಿಗೆ ಫೋನು ಮಾಡಿದಳು. ಗಾಜಿನ ಬಾಗಿಲು ಇರಲಿ. ದೀಪ ಬೇಡ, ದೊಡ್ಡ ಕಾರ್ಡು ಬೇಡ. ಆ ಹಣಕ್ಕೆ ಮೆಮರಿ ಮತ್ತು ಎಸ್‌ಎಸ್‌ಡಿ ಹಾಕಿ.

ಅಂಗಡಿಯವನಿಗೆ ಅನುಮಾನ. “ಸಾಹೇಬ್ರು ಲೈಟ್ ಬೇಕಂದಿದ್ರಲ್ರೀ?”

“ಲೈಟ್ ನಮ್ಮನ್ಯಾಗ ಅದಾವ್ರೀ.”

ಎಲ್ಲಿದ್ದವು? ಅಟ್ಟದ ಮೇಲೆ. ಗಣಪತಿ ಮಂಟಪಕ್ಕೆ ಹಚ್ಚಿ, ಹಬ್ಬ ಮುಗಿದ ಮೇಲೆ ಸುತ್ತಿಟ್ಟಿದ್ದ ಸೀರಿಯಲ್ ಸೆಟ್! ಕಂಪ್ಯೂಟರು ಮನೆಗೆ ಬಂದ ದಿನ, ಗಂಡ ಪೂಜೆಗೆ ಹೂವು ತರಲು ಹೋದಾಗ, ಅವಳು ಆ ದೀಪದ ಸರವನ್ನು ಗಾಜಿನ ಒಳಬದಿಗೆ ಸುತ್ತಲೂ ಅಂಟಿಸಿದಳು. ವಾಯರನ್ನು ಹಿಂಬದಿಯಿಂದ ಎಳೆದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಳು. ಕಂಪ್ಯೂಟರಿನ ಯುಪಿಎಸ್ ಬ್ಯಾಟರಿಗೆ ಸಿಕ್ಕಿಸಲಿಲ್ಲ. ಕರೆಂಟು ಹೋದಾಗ ಅದರಲ್ಲಿ ಉಳಿಯುವ ನಾಲ್ಕು ನಿಮಿಷ ತನ್ನ ಪುಟಗಳಿಗೆ ಬೇಕು ಎಂಬ ಲೆಕ್ಕ.

ಸಂಜೆ ಗಂಡ ಕಾಯಿ ಒಡೆದ, ಕುಂಕುಮ ಹಚ್ಚಿದ, ಗೋಡೆಯ ಸ್ವಿಚ್ಚು ಒತ್ತಿದ. ದೀಪಗಳು ಝಗ್ಗೆಂದವು. ಬರೀ ಹೊತ್ತಿಕೊಂಡು ನಿಲ್ಲಲಿಲ್ಲ, ಓಡಿದವು, ಆರಿದವು, ಕಣ್ಣು ಮಿಟುಕಿಸಿದವು. ಅವನ ಎದೆ ಎರಡು ಅಂಗುಲ ಉಬ್ಬಿತು. ಸೋಫಾವನ್ನು ಡಬ್ಬಿಯ ಕಡೆ ತಿರುಗಿಸಿದ. ಸೋಫಾ ಇಷ್ಟು ದಿನ ಟಿವಿಯ ಕಡೆ ಇತ್ತು, ದೇವರ ಕೋಣೆಯ ಕಡೆ ಎಂದೂ ಇರಲಿಲ್ಲ ಬಿಡಿ.

ಹೆಂಡತಿಯ ಕೆಲಸ ಓಡತೊಡಗಿತು. ಆದರೆ ಅವಳ ಜೀವ ಮಾತ್ರ ಆ ಪ್ಲಗ್ಗಿನಲ್ಲೇ ಸಿಕ್ಕಿಕೊಂಡಿತ್ತು. ಗಂಡ ಬಗ್ಗಿದರೆ ಅವಳಿಗೆ ಕೆಮ್ಮು. ಅವನು ಕಸಬರಿಗೆ ಹಿಡಿದರೆ, “ಇರ್ಲಿ ಬಿಡ್ರಿ, ನಾ ಕಸ ಹೊಡೀತೀನಿ.” ಗಂಡನಿಗೆ ಆಶ್ಚರ್ಯ, ಹೊಸ ಕಂಪ್ಯೂಟರು ಬಂದ ಮೇಲೆ ಹೆಂಡತಿಗೆ ತನ್ನ ಮೇಲೆ ಪ್ರೀತಿ ಹೆಚ್ಚಾಗಿದೆಯೆಂದು!

ದಸರೆಗೆ ನಾಲ್ಕು ದಿನ ಮೊದಲು ಸಂಚಿಕೆ ಮುದ್ರಣಾಲಯ ಸೇರಿತು. ಅದರ ಮರುದಿನ ಸಾವಕಾರ ಚಹಾಕ್ಕೆ ಬಂದ. ಕಪ್ಪು-ಬಸಿ ಕೈಯಲ್ಲಿ ಹಿಡಿದು ದೀಪಗಳನ್ನೇ ನೋಡಿದ.

“ನಮ್ದು ಬರೇ ಉರಿತೈತ್ರಿ. ನಿಮ್ದು ಓಡ್ತೈತಲ್ಲ! ಯಾವ್ ಮಾಡೆಲ್?”

“ಹೊಸಾ ಮಾಡೆಲ್ಲು ಸಾವಕಾರ್ರ,” ಎಂದ ಗಂಡ. “ಎಲ್ಲಾರಿಗೂ ಸಿಗೂದಿಲ್ಲ.”

ಅಷ್ಟರಲ್ಲಿ ಕರೆಂಟು ಹೋಯಿತು.

ದೀಪಗಳು ಆರಿದವು. ಕಂಪ್ಯೂಟರು ಮಾತ್ರ ಯುಪಿಎಸ್ ಮೇಲೆ ನಡೆದೇ ಇತ್ತು. ಗಂಡ ಹುಬ್ಬು ಗಂಟಿಕ್ಕಿ ಬಗ್ಗಿದ. ಡಬ್ಬಿಯ ಹಿಂದಿನಿಂದ ಬಂದ ತೆಳು ವಾಯರನ್ನು ಬೆರಳಿನಿಂದ ಹಿಡಿದು ಹಿಡಿದು ಗೋಡೆಯವರೆಗೆ ಹೋದ. ವಾಯರಿಗೆ ಮಂಟಪದ ಚಿನ್ನದ ಬಣ್ಣದ ಕಾಗದದ ಚೂರೊಂದು ಇನ್ನೂ ಅಂಟಿಕೊಂಡಿತ್ತು. ಆ ಸರವನ್ನು ಮಂಟಪಕ್ಕೆ ಕಟ್ಟಿದ್ದವನು ತಾನೇ ಅಲ್ಲವೇ, ಗುರುತು ಹತ್ತದೆ ಇರುತ್ತದೆಯೇ?

ಅಡುಗೆಮನೆಯ ಬಾಗಿಲಲ್ಲಿ ಚುರುಮರಿ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಇದನ್ನು ಕಂಡಳು. ಮುಗಿಯಿತು. ಇನ್ನು ಕೂಗುತ್ತಾನೆ, ಸಾವಕಾರನ ಮುಂದೆಯೇ ಕೂಗುತ್ತಾನೆ.

“ಯಾಕ್ರೀ, ಲೈಟ್ ಆರಿದ್ವು?” ಎಂದ ಸಾವಕಾರ.

ಗಂಡ ನಿಧಾನವಾಗಿ ಎದ್ದು ನಿಂತು ಕೈ ಝಾಡಿಸಿಕೊಂಡ. “ಕರೆಂಟ್ ಹೋದಕೂಡ್ಲೆ ತಾವ ಆರ್ತಾವ್ರಿ. ಬ್ಯಾಟರಿ ಉಳಿಸಾಕ. ನಿಮ್ದರಾಗ ಈ ಸವಲತ್ತು ಇಲ್ಲೇನ್ರಿ?”

ಸಾವಕಾರ ತಲೆದೂಗಿ ನೇರ ಅಂಗಡಿಯ ದಾರಿ ಹಿಡಿದ. ಅವನು ಹೋದ ಮೇಲೆ, ಹೆಂಡತಿ ಒಳಗಿದ್ದಾಳೆಂದು ತಿಳಿದು, ಗಂಡ ಆ ಚಿನ್ನದ ಕಾಗದದ ಚೂರನ್ನು ಉಗುರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡ. ವಾಯರನ್ನು ಮೇಜಿನ ಹಿಂದೆ ಇನ್ನಷ್ಟು ಚೆನ್ನಾಗಿ ಮುಚ್ಚಿದ. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅವನು ನಿರ್ಧರಿಸಿದ್ದ, ಹೆಂಡತಿಗೂ. ಬಾಗಿಲ ಸಂದಿಯಿಂದ ಅದನ್ನೆಲ್ಲ ನೋಡಿದ ಹೆಂಡತಿ, ತಾನು ನೋಡಿದೆನೆಂದು ಯಾರಿಗೂ ಹೇಳಬಾರದು ಎಂದು ನಿರ್ಧರಿಸಿದಳು, ಗಂಡನಿಗೂ.

ನಗುತ್ತಿದ್ದೀರಿ. ನಗಿ. ಆದರೆ ಒಂದು ಮಾತು ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಸೀರಿಯಲ್ ಸೆಟ್ ಎಲ್ಲಿ ಕಟ್ಟಿದ್ದೀರಿ? ನೆಂಟರಿಗೆ ತೆಗೆಯುವ ಕಪ್ಪು ಬೇರೆ, ನೀವು ಕುಡಿಯುವ ಕಿವಿ ಮುರಿದ ಕಪ್ಪು ಬೇರೆ. ಪಡಸಾಲೆಯ ಕಿಟಕಿಗೆ ಹೊಸ ಪರದೆ ಬಂದಿದೆ, ಅತ್ತೆಯ ಕನ್ನಡಕ ಮಾತ್ರ ಹಳೆಯದೇ. ಯಾರಾದರೂ ಬಂದ ದಿನ ಪೂಜೆ ಒಂದು ಗಂಟೆ, ಯಾರೂ ಬಾರದ ದಿನ ಎರಡು ಹೂವು ಒಗೆದು ಎದ್ದುಬಿಡುತ್ತೀರಿ. ದೇವರು ಗಾಜಿನ ಆಚೆ ನಿಂತು ನೋಡುವ ನೆಂಟನೇನು?

ತಪ್ಪು ಗಂಡನದೊಂದೇ ಎಂದು ತಾಯಂದಿರು ಹಾಯಾಗಿ ಕುಳಿತಿದ್ದೀರಿ. ಆ ಹೆಂಡತಿಗೆ ಅಟ್ಟ ಹತ್ತುವ ಧೈರ್ಯವಿತ್ತು. ಅಂಗಡಿಯಲ್ಲಿ ನಿಂತು, “ಇದು ನನ್ನ ಅನ್ನದ ಕೆಲಸ, ಇದಕ್ಕೆ ಇದೇ ಬೇಕು” ಎಂದು ಎರಡನೆಯ ಸಲ ಹೇಳುವ ಧೈರ್ಯ ಇರಲಿಲ್ಲ. ಕೆಲಸ ಉಳಿಯಿತು, ನಿಜ. ಆದರೆ ತನ್ನದೇ ಮನೆಯಲ್ಲಿ, ತನ್ನದೇ ಗಂಡ ಬಗ್ಗಿದಾಗಲೆಲ್ಲ ಕೆಮ್ಮುತ್ತಾ ಬದುಕುವುದು ಯಾವ ಸುಖ?

ಆದ್ದರಿಂದ, ಇನ್ನು ಮುಂದೆ ಮನೆಗೆ ಏನನ್ನಾದರೂ ತರುವ ಮೊದಲು, ಅದನ್ನು ದಿನಾ ಬಳಸುವವರು ಯಾರು ಎಂದು ಕೇಳಿ. ನೋಡುವವರನ್ನು ಆಮೇಲೆ ಕೇಳಿದರಾಯಿತು. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಟಿವಿ ಆರಿಸಿ, ನಿಮಗೆ ನಿಜವಾಗಿ ಬೇಕಾದದ್ದು ಒಂದನ್ನು ಬಾಯಿಬಿಟ್ಟು ಹೇಳಿ. ಎದುರಿಗಿರುವವರು ತುತ್ತು ಕೆಳಗಿಟ್ಟು ಕೇಳಿ. ಮೊದಲು ಯಾರು ಹೇಳಬೇಕು ಎಂದು ಜಗಳ ಬಂದರೆ, ಅಡುಗೆ ಮಾಡಿದವರೇ ಮೊದಲು.