ಒಂದು ಬಾಗಿಲಿಗೆ ಮೂವರು ಕಾವಲುಗಾರರು

ವೇದಿಕೆಯ ಮೇಲಿರುವ ಅಧ್ಯಕ್ಷರೂ ನಮ್ಮ ಆಸ್ಪತ್ರೆಯ ಆಡಳಿತಾಧಿಕಾರಿಗಳೂ ಆದ ಹಿರಿಯರೇ, ಮುಖ್ಯ ಅತಿಥಿಗಳಾದ ಅವರ ಭಾವಮೈದುನರೇ, ಇಂದು ಬೀಳ್ಕೊಡುಗೆ ಪಡೆಯುತ್ತಿರುವ ನಮ್ಮ ಕಂಪ್ಯೂಟರ್ ಮೇಷ್ಟ್ರೇ, ವೈದ್ಯರೇ, ದಾದಿಯರೇ, ಭಾಷಣ ಮುಗಿದರೆ ಚಹಾ ಬರುತ್ತದೆ ಎಂಬ ಒಂದೇ ನಂಬಿಕೆಯಿಂದ ಕೊನೆಯ ಸಾಲಿನಲ್ಲಿ ಕುಳಿತಿರುವ ಸಭಿಕರೇ,

ಮೊದಲು ದೇವರಿಗೆ ನಮಸ್ಕಾರ. ಆಮೇಲೆ ಈ ಪರದೆಗೆ ನಮಸ್ಕಾರ. ಮೇಷ್ಟ್ರ ಹನ್ನೊಂದು ವರ್ಷದ ಸೇವೆಯ ಫೋಟೋಗಳು ಇದರ ಮೇಲೆ ಬರಬೇಕಾಗಿತ್ತು. ಇಪ್ಪತ್ತು ನಿಮಿಷದಿಂದ ಒಂದು ಚಕ್ರ ಮಾತ್ರ ತಿರುಗುತ್ತಿದೆ. "ಅಕ್ಕಾ, ಅದು ತೆರೆದುಕೊಳ್ಳೋ ತನಕ ನಾಲ್ಕು ಮಾತಾಡಿ, ಒಳ್ಳೇದನ್ನೇ ಮಾತಾಡಿ" ಎಂದು ಎಕ್ಸ್‌ರೇ ವಿಭಾಗದ ತಂಗಿ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದಾಳೆ. ಸರಿಯಾದವಳನ್ನೇ ಹಿಡಿದಿದ್ದಾಳೆ. ನಾನು ನೋಂದಣಿ ಕಿಟಕಿಯವಳು. ಚಕ್ರ ತಿರುಗುವಾಗ ಜನರನ್ನು ಮಾತಿನಲ್ಲಿ ಕಟ್ಟಿಹಾಕುವುದೇ ನನ್ನ ಉದ್ಯೋಗ.

ನಾನು ಈ ಕಿಟಕಿಗೆ ಬಂದಾಗ ಅಲ್ಲಿ ಒಂದು ದಪ್ಪ ರಿಜಿಸ್ಟರ್ ಇತ್ತು. ಅದನ್ನು ತೆರೆದರೆ ತೆರೆದುಕೊಳ್ಳುತ್ತಿತ್ತು. ಎಂಥ ಹಿಂದುಳಿದ ಕಾಲ ನೋಡಿ! ಈಗ ನಾವು ಮುಂದುವರಿದಿದ್ದೇವೆ. ಈಗ ರೋಗಿಯ ಹೆಸರು ಒತ್ತಿ, ಒಂದು ಪ್ರಾರ್ಥನೆ ಮುಗಿಸಿ, ಎರಡನೆಯದಕ್ಕೆ ಕೈ ಮುಗಿಯುವಷ್ಟರಲ್ಲಿ ಚೀಟಿ ಬರುತ್ತದೆ. ನನ್ನ ಭಕ್ತಿ ಹೆಚ್ಚಿದ್ದು ಈ ಯಂತ್ರದಿಂದಲೇ ಎಂದರೆ ಸುಳ್ಳಲ್ಲ. ಮೊನ್ನೆ ಒಬ್ಬಳು ತಾಯಿ, ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತವಳು, ಕೊನೆಗೆ ಹೇಳಿದಳು: "ಅಮ್ಮಾ, ಹೆಸರು ಬರ್ಕೊಳ್ಳೋಕೆ ಇಷ್ಟು ಹೊತ್ತಾ? ಇದಕ್ಕೆ ಹೆಸರು ಹುಡುಕೋಕೂ ನಾವು ಇಷ್ಟು ಹೊತ್ತು ತಗೊಂಡಿಲ್ಲ." ನಾನು ನಕ್ಕೆ. ಅವಳು ನಗಲಿಲ್ಲ.

ಇದಕ್ಕೆಲ್ಲ ಯಾರು ಕಾರಣ? ಮೇಷ್ಟ್ರು! ಮೇಷ್ಟ್ರಲ್ಲದೆ ಇನ್ಯಾರು? ಅವರು ಹಾಕಿದ ಆಂಟಿವೈರಸ್ ಹಗಲೂ ರಾತ್ರಿ ಎಚ್ಚರವಾಗಿರುತ್ತದೆ. ಬಂದದ್ದನ್ನೆಲ್ಲ ಮೂಸಿ ನೋಡುತ್ತದೆ. ನಮ್ಮ ಶಸ್ತ್ರಚಿಕಿತ್ಸೆಯ ದೊಡ್ಡ ಡಾಕ್ಟರ ಪೆನ್ ಡ್ರೈವನ್ನೂ ಬಿಡಲಿಲ್ಲ. "ನನ್ನ ಮೇಲೇ ಅನುಮಾನವೇನ್ರೀ?" ಎಂದು ಅವರು ಗುಡುಗಿದರು. ಮೇಷ್ಟ್ರು ಮೆಲ್ಲಗೆ, "ಡಾಕ್ಟ್ರೇ, ಆಪರೇಷನ್‌ಗೆ ಮುಂಚೆ ನೀವು ಕೈ ತೊಳೀತೀರಲ್ಲ, ಅದು ನಿಮ್ಮ ಕೈ ಮೇಲೆ ಅನುಮಾನವೇ?" ಎಂದರು. ಇಂಥ ಮನುಷ್ಯನಿಗೆ ಬಡ್ತಿ ಎಲ್ಲಿಂದ ಸಿಗಬೇಕು?

ಆದ್ದರಿಂದ ನಾವು ಹದಿನಾಲ್ಕು ಜನ ಸೇರಿ ಒಂದು ದೂರು ಬರೆದೆವು. ಯಂತ್ರ ನಿಧಾನ, ಕಾರಣ ಮೇಷ್ಟ್ರ ಆಂಟಿವೈರಸ್ ಎಂದು. ಅಧ್ಯಕ್ಷರು ನಮ್ಮ ಕಷ್ಟಕ್ಕೆ ಕರಗಿದರು. ಮೇಷ್ಟ್ರ ಕೆಲಸ ಈ ವಾರಕ್ಕೆ ಮುಗಿಯಿತು. ಸೋಮವಾರದಿಂದ ಯಂತ್ರಗಳ ಉಸ್ತುವಾರಿ ಮುಖ್ಯ ಅತಿಥಿಗಳದು. ಅವರು ಕಳೆದ ವರ್ಷವೇ ತಮ್ಮ ಅಂಗಡಿಯಿಂದ ಒಂದು ಆಂಟಿವೈರಸ್ ತಂದು ಹಾಕಿಸಿದ್ದರು. ಈಗ ಮೇಷ್ಟ್ರದ್ದನ್ನು ಕಿತ್ತು ತಮ್ಮದೊಂದನ್ನೇ ಇಡುತ್ತಾರಂತೆ. ಅದನ್ನೂ ಹಗಲು ಮಲಗಿಸಿ, ಕಚೇರಿ ಮುಚ್ಚಿದ ಮೇಲೆ ಎಬ್ಬಿಸುತ್ತಾರಂತೆ. ಕೆಲಸದ ವೇಳೆಯಲ್ಲಿ ಬರುವುದಿಲ್ಲ ಎಂದು ಕಳ್ಳರು ಅವರಿಗೆ ಬರೆದು ಕೊಟ್ಟಿರಬೇಕು. ದೊಡ್ಡವರ ಸಂಪರ್ಕ ದೊಡ್ಡದು.

ಚಕ್ರ ಇನ್ನೂ ತಿರುಗುತ್ತಿದೆಯೇ? ಸಂತೋಷ. ಹಾಗಾದರೆ ನಮ್ಮ ಅತ್ತೆಯ ಸಂಗತಿ ಹೇಳುತ್ತೇನೆ.

ನಮ್ಮ ಅತ್ತೆ ಬಾಗಿಲ ಬಳಿ ಒಂದು ಮರದ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹೋಗುವವರಿಗೂ ಬರುವವರಿಗೂ ಮೂರು ಪ್ರಶ್ನೆ. ಯಾರು? ಯಾರ ಕಡೆಯವರು? ಏನು ಕೆಲಸ? ಹಾಲಿನವನಿಗೂ ಅದೇ, ನನ್ನ ಸ್ವಂತ ಅಣ್ಣನಿಗೂ ಅದೇ. ಕೆಲಸಕ್ಕೆ ಹೊರಟ ನನಗಂತೂ ದಿನಾ ಪರೀಕ್ಷೆ. "ಚೀಲದಲ್ಲೇನು? ಒಲೆ ಆರಿಸಿದ್ಯಾ? ಮತ್ತೊಂದ್ಸಲ ನೋಡ್ಕೊಂಡು ಬಾ." ಬಸ್ಸು ತಪ್ಪಿದ ದಿನಗಳಿಗೆ ಲೆಕ್ಕವಿಲ್ಲ. ಒಂದು ದಿನ ನಾನು ಆ ಕುರ್ಚಿಯನ್ನು ಎತ್ತಿ ಹಿಂದಿನ ಕೋಣೆಯ ಕಿಟಕಿ ಹತ್ತಿರ ಇಟ್ಟೆ. "ಅತ್ತೆ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಅಂದೆ. ಅವರು ನನ್ನ ಮುಖ ನೋಡಿದರು. ಹೋಗಿ ಕುಳಿತರು. ಮನೆ ಎಷ್ಟು ಚುರುಕಾಯಿತು ಎನ್ನುತ್ತೀರಿ! ಒಂದೂ ಬಸ್ಸು ತಪ್ಪಲಿಲ್ಲ. ಎರಡು ತಿಂಗಳಿಗೆ, ನೀರಿನ ಮೀಟರ್ ನೋಡುವವನು ಎಂದು ಹೇಳಿಕೊಂಡು ಒಬ್ಬ ಬಂದ. ನಾನೇ ಬಾಗಿಲು ತೆರೆದು ಕುಡಿಯಲು ನೀರು ಕೊಟ್ಟೆ. ಆತ ಹೋಗುವಾಗ ಅತ್ತೆಯ ಎರಡು ಬಳೆಯೂ ಹೋದವು. ಕುರ್ಚಿಯನ್ನು ಮತ್ತೆ ಬಾಗಿಲಿಗೆ ತಂದಿಟ್ಟೆ. ಅತ್ತೆ ಅದರಲ್ಲಿ ಕೂರಲಿಲ್ಲ. ಹಿಂದಿನ ಕೋಣೆಯಲ್ಲೇ ಇದ್ದರು, ಕೊನೆಯವರೆಗೂ.

ಇದನ್ನು ಇಲ್ಲಿ ಯಾಕೆ ಹೇಳಿದೆನೋ! ಒಳ್ಳೆಯದನ್ನೇ ಮಾತಾಡಬೇಕಾಗಿತ್ತು.

ಒಳ್ಳೆಯದು ಹೇಳುತ್ತೇನೆ. ಮೇಷ್ಟ್ರು ಹೋದ ವರ್ಷ ಹೆಂಡತಿಯ ಹೆರಿಗೆಗೆ ನಾಲ್ಕು ದಿನ ರಜೆ ಹಾಕಿದರು. ಹೋಗುವಾಗ ಯಂತ್ರಗಳ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು. "ಅಕ್ಕಾ, ನೀವು ದೇವರಿಗೆ ಹೆದರೋರು, ನಿಮ್ಮ ಹತ್ರ ಇರಲಿ" ಅಂದರು. ನಾನು ಅದನ್ನು ನನ್ನ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟೆ. ಮೂರನೆಯ ದಿನ ತೆಗೆದೆ. ಯಂತ್ರದಲ್ಲಿ ಒಂದು ಜಾಹೀರಾತು ಬಂದಿತ್ತು: ರಕ್ಷಣೆಯೂ ಉಚಿತ, ವೇಗವೂ ಉಚಿತ. ಕಿಟಕಿಯ ಹೊರಗೆ ನಲವತ್ತು ಜನ ನಿಂತಿದ್ದರು. ಒತ್ತಿದೆ. ಪಾಸ್‌ವರ್ಡ್ ಕೇಳಿತು. ಕೊಟ್ಟೆ. ವೇಗ ಬರಲಿಲ್ಲ. ಆಂಟಿವೈರಸ್ ಮಾತ್ರ ಬಂದು ಕೂತಿತು, ಮೂರನೆಯದು. ಇದ್ದ ನಿಧಾನಕ್ಕೆ ಇನ್ನಷ್ಟು ನಿಧಾನ ಸೇರಿತು. ಆಮೇಲೆ ದೂರಿಗೆ ರುಜು ಹಾಕುವಾಗ ನಾನೂ ಹಾಕಿದೆ. ಮೇಲಿನಿಂದ ಮೂರನೆಯದು. ಊರಿನ ಶಾಲೆಯ ಅಕ್ಷರ, ದುಂಡಗಿದೆ, ಅಧ್ಯಕ್ಷರು ನೋಡಿರಬಹುದು.

ಮೊನ್ನೆ ಊಟದ ಬಿಡುವಿನಲ್ಲಿ ಮೇಷ್ಟ್ರು ಕೊನೆಯ ಸಲ ಎಂದು ನನ್ನ ಯಂತ್ರ ತೆರೆದರು. ಪಟ್ಟಿ ನೋಡಿದರು. ಯಾವುದು ಯಾವ ದಿನ ಒಳಗೆ ಬಂತೆಂದು ಅದರಲ್ಲಿ ಬರೆದಿರುತ್ತದಂತೆ. ಮೂರನೆಯದು ಬಂದದ್ದು ಅವರ ಮಗಳು ಹುಟ್ಟಿದ ದಿನ; ಆ ದಿನವನ್ನು ಅವರು ಮರೆಯುತ್ತಾರೆಯೇ? ನಾನು ಟೇಬಲ್ ಒರೆಸುತ್ತ ನಿಂತೆ. ಅವರು ಇಷ್ಟೇ ಅಂದರು: "ಅಕ್ಕಾ, ಒಂದು ಬಾಗಿಲಿಗೆ ಮೂವರು ಕಾವಲುಗಾರರು. ಒಳಗೆ ಕಳ್ಳ ಬಂದಿಲ್ಲ. ಇವರೇ ಒಬ್ಬರನ್ನೊಬ್ಬರು ಕಳ್ಳ ಅಂತ ಹಿಡ್ಕೊಂಡು ಕೂತಿದ್ದಾರೆ." ನನ್ನದನ್ನು ತೆಗೆದು ಹಾಕಿದರು. ಮುಖ್ಯ ಅತಿಥಿಗಳದನ್ನು ಹತ್ತು ನಿಮಿಷ ಮಲಗಿಸಿದರು. ತಮ್ಮದನ್ನು ಎಚ್ಚರವಾಗಿಯೇ ಬಿಟ್ಟರು. ಇಡೀ ಯಂತ್ರವನ್ನು ಜಾಲಾಡುವ ದೊಡ್ಡ ತಪಾಸಣೆಯನ್ನಷ್ಟೇ ಊಟದ ಬಿಡುವಿಗೆ ಸರಿಸಿದರು. ಆಮೇಲೆ ಒಂದು ಹೆಸರು ಒತ್ತಿ ನೋಡಿ ಅಂದರು. ದೇವರಾಣೆ, ನಾನು ಕೈ ಮುಗಿಯುವುದರೊಳಗೆ ಚೀಟಿ ಬಂತು. ಆಮೇಲೆ ಮಲಗಿದ್ದನ್ನು ಮತ್ತೆ ಎಬ್ಬಿಸಿದರು. ಅದು ಆಡಳಿತದ ಅಪ್ಪಣೆಯಂತೆ, ತೆಗೆಯುವ ಅಧಿಕಾರ ತಮಗಿಲ್ಲವಂತೆ.

ಇದನ್ನು ಅಧ್ಯಕ್ಷರಿಗೆ ಹೇಳಿದ್ದರೆ ಮೇಷ್ಟ್ರ ಕೆಲಸ ಉಳಿಯುತ್ತಿತ್ತು. ಆದರೆ ಮೂರನೆಯದು ಯಾರದೆಂದೂ ಹೇಳಬೇಕಾಗುತ್ತಿತ್ತು. ಮೇಷ್ಟ್ರು ಹೇಳಲಿಲ್ಲ. ದೇವರಿಗೆ ಹೆದರುವವಳೂ ಹೇಳಲಿಲ್ಲ. ಈಗ ಹೇಳಿದ್ದೇನೆ.

ಅಧ್ಯಕ್ಷರೇ, ಆ ದೂರಿನಿಂದ ನನ್ನ ರುಜು ಹೊಡೆದು ಹಾಕಿ. ತಪ್ಪಿಗೆ ಕೆಲಸ ಕಳೆದುಕೊಳ್ಳಬೇಕಾದವರು ಯಾರಾದರೂ ಇದ್ದರೆ ಅದು ನಾನು. ಈ ಸಭಾಂಗಣದ ಯಂತ್ರದಲ್ಲೂ ಇಬ್ಬರು ಕಾವಲುಗಾರರು ಜುಟ್ಟು ಹಿಡಿದುಕೊಂಡಿದ್ದಾರೆ. ಅವರಲ್ಲಿ ಒಬ್ಬರನ್ನು ಹೊರಗೆ ಕಳಿಸಲು ಮೇಷ್ಟ್ರಿಗೆ ಅಪ್ಪಣೆ ಕೊಡಿ. ಬಾಯಿ ಬಿಟ್ಟು ಹೇಳಬೇಕಿಲ್ಲ, ತಲೆಯಾಡಿಸಿದರೆ ಸಾಕು. ಭಾವಮೈದುನರ ಕಡೆ ನೋಡಬೇಡಿ, ಅವರು ಚಪ್ಪಾಳೆ ತಟ್ಟಲು ಕಾಯುತ್ತಿದ್ದಾರೆ.

ತಲೆ ಆಡಿತು. ನನಗೆ ಕಂಡಿತು. ಫ್ಯಾನಿನ ಗಾಳಿಗೆ ಆಡಿತು ಎನ್ನುವವರು ಎನ್ನಲಿ.

ನೋಡಿ, ನಾನು ಹೇಳುವ ಮೊದಲೇ ಮೇಷ್ಟ್ರು ಎದ್ದಾಗಿದೆ. ಬೀಳ್ಕೊಡುಗೆಯ ದಿನವೂ ಕುರ್ಚಿಯಲ್ಲಿ ಕೂರಲು ಬಾರದ ಮನುಷ್ಯ! ಯಂತ್ರ ಆರಿತು. ಹತ್ತಿತು. ತಂಗೀ, ಈಗ ಒತ್ತಮ್ಮ.

ಬಂತು! ಎಷ್ಟು ಬೇಗ! ಮೊದಲನೆಯ ಫೋಟೋದಲ್ಲಿ ಮೇಷ್ಟ್ರ ಎರಡು ಪಾದ ಮಾತ್ರ ಕಾಣುತ್ತಿವೆ. ಉಳಿದ ಮೇಷ್ಟ್ರು ನನ್ನ ಟೇಬಲ್ ಕೆಳಗೆ ವೈರು ಹುಡುಕುತ್ತಿದ್ದಾರೆ.

ಅಧ್ಯಕ್ಷರೇ, ಆಜ್ಞೆ ಬದಲಿಸುವುದು ನಿಮಗೆ ಬಿಟ್ಟದ್ದು. ಸೋಮವಾರ ಎಂಟು ಗಂಟೆಗೆ ನನ್ನ ಕಿಟಕಿ ತೆರೆಯುತ್ತದೆ, ನನ್ನನ್ನು ಉಳಿಸಿದ್ದರೆ. ಪಕ್ಕದಲ್ಲಿ ಮೇಷ್ಟ್ರ ಕುರ್ಚಿ ಇರುತ್ತದೆ. ಒಮ್ಮೆ ಒಂದು ಕುರ್ಚಿಯನ್ನು ಒಳಗೆ ಸರಿಸಿದವಳು ನಾನು. ಇದನ್ನು ಸರಿಸುವುದಿಲ್ಲ.

ಇಷ್ಟು ಹೊತ್ತು ತಾಳಿಕೊಂಡ ನಿಮ್ಮೆಲ್ಲರಿಗೂ, ಮಾತಾಡಲು ಅವಕಾಶ ಮಾಡಿಕೊಟ್ಟ ಆ ಚಕ್ರಕ್ಕೂ ಧನ್ಯವಾದಗಳು. ನಮಸ್ಕಾರ.